ಎಲ್ಲೆಯ ಮೇಲಿನ ಮರ

ಮರದಲ್ಲಿ ದೆವ್ವ ಇದೆ, ಬಾವಿಯಲ್ಲಿ ಮೋಹಿನಿ ಇದ್ದಾಳೆ ಎನ್ನುವವರನ್ನು ಕಂಡರೆ ನಾನು ನಗುತ್ತಿದ್ದೆ. ಇಂಥ ಕಥೆಯ ಹಿಂದೆ ಯಾರದಾದರೂ ಕೈವಾಡ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ವಾದಿಸುತ್ತಿದ್ದೆ. ಈಗ ವಾದ ಬಿಟ್ಟಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮದು ಅವಿನಾಶಿಯಲ್ಲಿ ಮುತ್ತಜ್ಜನ ಕಾಲದಿಂದ ನೆಲೆಸಿದ ಕನ್ನಡದ ಮನೆ. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ತಾಳವಾಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕನ್ನಡದಲ್ಲೇ ಹೈಸ್ಕೂಲು ಓದಿದ್ದರಿಂದ ನನಗೆ ಕನ್ನಡ ಬರೆಯಲು ಬಂತು. ಮನೆಯನ್ನು ನಾನೂ ತಮ್ಮನೂ ಎರಡು ಭಾಗ ಮಾಡಿಕೊಂಡಿದ್ದೆವು. ನನ್ನ ಭಾಗದಲ್ಲಿ ಮಗ್ಗಗಳು ಓಡುತ್ತಿದ್ದವು. ಹಿತ್ತಲಿಗೆ ಮಾತ್ರ ಗೋಡೆ ಹಾಕಿರಲಿಲ್ಲ. ಒಗೆಯುವ ಕಲ್ಲಿನಿಂದ ಹಿಂದಿನ ಬೇಲಿಯವರೆಗೆ ಒಂದು ಗೆರೆ ಇದೆ ಎಂದು ಇಬ್ಬರೂ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆವು. ಎರಡು ಸಾವಿರದ ಇಸವಿ ಕಳೆದ ಸ್ವಲ್ಪ ಕಾಲಕ್ಕೆ ತಮ್ಮ ತೀರಿಕೊಂಡ. ಅವನ ಹೆಂಡತಿ ಪುಷ್ಪ, ಪುಟ್ಟ ಮಗಳನ್ನು ಇಟ್ಟುಕೊಂಡು ತನ್ನ ಭಾಗದಲ್ಲೇ ಉಳಿದಳು.

ಆಮೇಲೆ, ಸರಿಯಾಗಿ ಆ ಗೆರೆಯ ಮೇಲೆ, ಒಂದು ಗಿಡ ಎದ್ದಿತು. ನೋಡನೋಡುತ್ತಾ ನನ್ನ ತಲೆ ಮೀರಿ ಬೆಳೆಯಿತು. ಅಂಗೈಯಗಲದ ದಪ್ಪ ಎಲೆ, ಅಡಿಭಾಗ ತಾಮ್ರದ ಬಣ್ಣ. ಹಿಸುಕಿದರೆ ಒದ್ದೆ ಕಬ್ಬಿಣದ ವಾಸನೆ. ನಮ್ಮ ಕಡೆಯ ಮರಗಳನ್ನು ನಾನು ಬಲ್ಲೆ, ಇದನ್ನು ಎಲ್ಲಿಯೂ ಕಂಡಿರಲಿಲ್ಲ. ಹೆಂಡತಿಯನ್ನು ಕೇಳಿದರೆ ಒಲೆ ಊದುತ್ತಾ, "ನನಗೇನು ಗೊತ್ತು, ನಿಮಗೆ ಬೇರೆ ಕೆಲಸ ಇಲ್ಲವಾ" ಎಂದಳು. ಆಡು ಮೇಯಿಸುವ ಮುದುಕಿಯೊಬ್ಬಳು ಬೇಲಿಯಾಚೆ ನಿಂತು ನೋಡಿದಳು. ಅವಳ ಆಡು ಒಂದು ಕೊಂಬೆಯನ್ನು ಮೂಸಿ ಹಿಂದೆ ಸರಿಯಿತು. "ನನಗೂ ಗೊತ್ತಿಲ್ಲ ಸಾಮಿ, ನನ್ನ ಆಡಿಗೂ ಗೊತ್ತಿಲ್ಲ" ಎಂದು ನಗುತ್ತಾ ಹೋದಳು.

ನನಗೆ ನಗು ಬರಲಿಲ್ಲ. ನಮ್ಮಲ್ಲಿ ಎಲ್ಲೆಯ ಜಗಳ ಪಂಚಾಯ್ತಿಗೆ ಹೋದರೆ ಹಿರಿಯರು ಮೊದಲು ಕೇಳುವುದು ಮರ ನೆಟ್ಟವರು ಯಾರು ಎಂದು. ಕದ್ದು ನೆಟ್ಟದ್ದು ಎಂದು ಗೊತ್ತಾದರೆ ನೆಟ್ಟವರು ಜಾಗ ಬಿಡಬೇಕು, ತಾನಾಗಿ ಎದ್ದ ಮರವಾದರೆ ನೀರೆರೆದು ಸಾಕಿದವರ ಕಡೆಗೆ ಜಾಗ ಸರಿಯುತ್ತದೆ. ಪುಷ್ಪ ದಿನವೂ ಅಕ್ಕಿ ತೊಳೆದ ನೀರನ್ನು ಆ ಗಿಡದ ಬುಡಕ್ಕೇ ಸುರಿಯುತ್ತಿದ್ದಳು. ಅವಳ ಅಣ್ಣ ಮದುಕ್ಕರೈಯಲ್ಲಿ ಸಸಿ ಮಾರುವ ತೋಟವೊಂದರಲ್ಲಿ ಕೆಲಸಕ್ಕಿದ್ದ. ಇನ್ನೇನು ಬೇಕು? ಹಕ್ಕಿ ಹಾಕಿದ ಬೀಜವಾದರೆ ಊರಿನ ಮರವಾಗಿರಬೇಕು. ಎಲ್ಲಿಯೂ ಇಲ್ಲದ ಮರವಾದರೆ ಯಾರೋ ತಂದು ನೆಟ್ಟದ್ದು. ಹೆಸರು ತಿಳಿದರೆ ಕಳ್ಳತನ ಬಯಲಾಗುತ್ತದೆ ಎಂದು ಲೆಕ್ಕ ಹಾಕಿದೆ.

ಕೊಯಮತ್ತೂರಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟರೊಬ್ಬರಿದ್ದರು. ಒಂದು ಸಂಜೆ ಕೊಂಬೆ ಮುರಿದು, ಒದ್ದೆ ಬಟ್ಟೆ ಸುತ್ತಿ, ಹಳದಿ ಕೈಚೀಲದಲ್ಲಿ ಇಟ್ಟು ಜಗಲಿಯ ಗೂಟಕ್ಕೆ ನೇತುಹಾಕಿದೆ. ಬೆಳಿಗ್ಗೆ ಅದನ್ನೇ ಹಿಡಿದು ಬಸ್ಸು ಹತ್ತಿದೆ. ಮೇಷ್ಟರು ಬಟ್ಟೆ ಬಿಚ್ಚಿ ನನ್ನ ಮುಖ ನೋಡಿದರು. "ಏನಯ್ಯಾ, ಅವಿನಾಶಿಯಿಂದ ಬೇವಿನ ಸೊಪ್ಪು ಹೊತ್ತು ತಂದಿದ್ದೀಯ? ನಿಮ್ಮೂರಲ್ಲಿ ಮಾರಿಯಮ್ಮನ ಗುಡಿ ಇಲ್ಲವಾ?"

ಬಟ್ಟೆಯಲ್ಲಿ ಇದ್ದದ್ದು ಬೇವೇ. ಚೀಲ ಜಗಲಿಯಲ್ಲಿದ್ದಾಗ ಪುಷ್ಪ ಸೊಪ್ಪು ಬದಲಾಯಿಸಿದ್ದಾಳೆ ಎಂದು ನನಗೆ ಸಂಶಯವೇ ಉಳಿಯಲಿಲ್ಲ. ಊರಿನ ಮರ ಎಂದು ತೋರಿಸಿದರೆ ಅವಳಿಗೆ ಲಾಭ ತಾನೆ. ಮನೆಗೆ ಬಂದವನೇ ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ ಕಳ್ಳಿ ಎಂದೆ. ಮಗು ಅವಳ ಸೆರಗು ಹಿಡಿದು ನಿಂತಿತ್ತು. ಪುಷ್ಪ ದನಿ ಎತ್ತಲಿಲ್ಲ. "ಜಾಗ ಬೇಕಾದರೆ ಜಾಗ ತಗೊಳ್ಳಿ ಭಾವ. ಕಳ್ಳಿ ಅನ್ನಬೇಡಿ" ಎಂದಳು. ಮಾರನೆಯ ದಿನ ಬೀಗ ಹಾಕಿಕೊಂಡು ಮದುಕ್ಕರೈಗೆ, ಅಣ್ಣನ ಮನೆಗೆ ಹೊರಟುಹೋದಳು.

ಸಾಬೀತು ಮಾಡಲೇಬೇಕೆಂದು ಮತ್ತೊಮ್ಮೆ ಹೊರಟೆ. ಈ ಸಲ ಬೆಳಿಗ್ಗೆಯೇ ಎಲೆಗಳನ್ನು ನನ್ನ ಕೈಯಾರೆ ಕಿತ್ತೆ, ಚೀಲ ಯಾರ ಕೈಗೂ ಕೊಡಲಿಲ್ಲ. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಕರುಮತ್ತಂಪಟ್ಟಿಯಲ್ಲಿ ಬಸ್ಸು ನಿಂತಾಗ ಬಟ್ಟೆಯೊಳಗೆ ಬೆರಳು ತೂರಿಸಿ ನೋಡಿದೆ. ದಪ್ಪ ಎಲೆ, ಅಂಗೈಯಗಲ. ಮೇಷ್ಟರ ಮುಂದೆ ನಾನೇ ಗಂಟು ಬಿಚ್ಚಿದೆ.

ಬೇವಿನ ಎಸಳು.

ಮೇಷ್ಟರು ಈ ಸಲ ತಮಾಷೆ ಮಾಡಲಿಲ್ಲ. "ತಿಂಡಿ ತಿಂದು ಬಂದೆಯೇನಯ್ಯಾ?" ಎಂದು ಮೆಲ್ಲಗೆ ಕೇಳಿ ಒಳಗಿನಿಂದ ಇಡ್ಲಿ ತರಿಸಿದರು. ತಿನ್ನದೆ ಎದ್ದು ಬಸ್ಸು ಹಿಡಿದೆ. ಊರಿಗೆ ಬಂದು ನೇರ ಹಿತ್ತಲಿಗೆ ಹೋದೆ. ಮರ ಹಾಗೆಯೇ ಇತ್ತು, ಅದೇ ಅಗಲದ ಎಲೆ, ಅದೇ ತಾಮ್ರದ ಬಣ್ಣ.

ಪುಷ್ಪ ಚೀಲ ಮುಟ್ಟಿರಲಿಲ್ಲ ಎಂದು ಅಂದೇ ನನಗೆ ಗೊತ್ತಾಯಿತು. ಹೆಂಡತಿ ಕೇಳಿದಾಗ ಮೇಷ್ಟರು ಮನೆಯಲ್ಲಿ ಇರಲಿಲ್ಲ ಎಂದುಬಿಟ್ಟೆ. ನಿಜ ಹೇಳಿದರೆ ಪುಷ್ಪಳನ್ನು ಕರೆತರಬೇಕಾಗುತ್ತಿತ್ತು, ಅದೂ ಬೀದಿಯ ಮುಂದೆ ತಲೆ ತಗ್ಗಿಸಿ. ಅವಳ ಬೀಗ ತೆಗೆಸಿ ಆ ಭಾಗದಲ್ಲಿ ನೂಲಿನ ಮೂಟೆ ಪೇರಿಸಿದೆ. ಬೀದಿಯವರು ಅವಳನ್ನು ಕಳ್ಳಿ ಎಂದೇ ನೆನಪಿಟ್ಟುಕೊಂಡರು. ನಾನು ಬೇಡ ಎನ್ನಲಿಲ್ಲ.

ಹೆಂಡತಿ ತೀರಿಹೋದ ಮೇಲೆ ಒಂದು ದಿನ ತಡೆಯಲಾರದೆ ಮದುಕ್ಕರೈಗೆ ಹೋದೆ. ಪುಷ್ಪ ಕಾಫಿ ತಂದಿಟ್ಟಳು. ಎಲ್ಲವನ್ನೂ ಹೇಳಿದೆ, ತಪ್ಪಾಯಿತಮ್ಮಾ ಎಂದೆ. ಅವಳು ಕಾಫಿ ಲೋಟವನ್ನು ನನ್ನ ಕಡೆ ಸರಿಸಿದಳು.

"ಅದು ಬೇವಿನ ಮರವೇ ಅಲ್ಲವಾ ಭಾವ? ಅದನ್ನು ಯಾಕೆ ಕೊಯಮತ್ತೂರಿಗೆ ಹೊತ್ತುಕೊಂಡು ಹೋದಿರಿ ಅಂತ ನನಗೆ ಅವತ್ತೇ ಅರ್ಥ ಆಗಲಿಲ್ಲ. ಪಾಪುಗೆ ಅಮ್ಮ ಬಂದಾಗ ಆ ಮರದ ಸೊಪ್ಪೇ ಅಲ್ಲವಾ ಹಾಸಿದ್ದು?"

ಹಾಸಿದ್ದು ನನಗೆ ನೆನಪಿದೆ. ಮೈತುಂಬ ಗುಳ್ಳೆ ಎದ್ದ ಮಗು ಬೇವಿನ ಸೊಪ್ಪಿನ ಮೇಲೆ ಮಲಗಿದ್ದನ್ನು ಬಾಗಿಲಲ್ಲಿ ನಿಂತು ನೋಡಿದ್ದೆ. ಸೊಪ್ಪು ಎಲ್ಲಿಯದು ಎಂದು ಕೇಳಿರಲಿಲ್ಲ. ಹಾಗಾದರೆ ಆಡಿನ ಮುದುಕಿ ಕಂಡದ್ದು ಏನು? ಅವಳೂ ಈಗ ಇಲ್ಲ.

ವಾಪಸು ಬಾ ಎಂದು ಕರೆದೆ. "ಇಲ್ಲೇ ಒಗ್ಗಿಹೋಗಿದೆ ಭಾವ. ಆ ಮರ ಮಾತ್ರ ಕಡಿಬೇಡಿ" ಎಂದಳು. ಕಡಿದಿಲ್ಲ. ಇದನ್ನು ಬರೆಯುವಾಗಲೂ ಕಿಟಕಿಯಲ್ಲಿ ಕಾಣುತ್ತಿದೆ. ನನಗೆ ಇಂದಿಗೂ ಅಂಗೈಯಗಲದ ಎಲೆಯೇ. ಮನೆಗೆ ಬಂದ ಯಾರನ್ನಾದರೂ ಇದೇನು ಮರ ಎಂದು ಕೇಳಬಹುದು, ಕೇಳಿಲ್ಲ.

ಯುಗಾದಿಯ ಬೆಳಿಗ್ಗೆ ಬೇವುಬೆಲ್ಲಕ್ಕೆಂದು ಎದುರು ಮನೆಗೆ ಹೋಗಿ ನಾಲ್ಕು ಎಸಳು ಬೇವು ಕೇಳಿ ತರುತ್ತೇನೆ. ಆ ಮನೆಯ ಹೆಂಗಸು ಸೊಪ್ಪು ಕೊಡುವ ಮೊದಲು ಮಾಡಿನ ಮೇಲೆ ಕಾಣುವ ನನ್ನ ಹಿತ್ತಲ ಮರವನ್ನು ಒಮ್ಮೆ ನೋಡುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ. ನಾನು ಎಸಳನ್ನು ಮುಷ್ಟಿಯಲ್ಲಿ ಹಿಡಿದು, ಬೇಗ ಬೇಗ ರಸ್ತೆ ದಾಟಿ ಬಂದುಬಿಡುತ್ತೇನೆ.