ತಪ್ಪಿಲ್ಲದ ಮೂಕರ್ಜಿ

ಹೋದ ತಿಂಗಳು ಗೇಟಿಗೆ ಬಣ್ಣ ಬಳಿಯಲು ಬಂದವನು ಡಬ್ಬಿಗೆ ಟರ್ಪೆಂಟೈನ್ ಸುರಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದನದ ಆಸ್ಪತ್ರೆಯ ಕಾಂಪೌಂಡರ್ ನೆನಪಾದರು. ಹುಳ ಬಿದ್ದ ಹುಣ್ಣಿಗೆ ಅವರು ಅದೇ ಎಣ್ಣೆಯಲ್ಲಿ ಹತ್ತಿ ಅದ್ದಿ ತುಂಬುತ್ತಿದ್ದರು. ಅವರ ರೆಕ್ಸಿನ್ ಚೀಲ, ಅಂಗಿ, ಕೊನೆಗೆ ಅವರು ಕುಡಿದಿಟ್ಟ ಕಾಫಿ ಲೋಟಕ್ಕೂ ಅದೇ ವಾಸನೆ...

ಆಗ ನಾನು ವಸ್ತಾರೆ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆನಾದ್ದರಿಂದ ಊರವರ ಅರ್ಜಿಗಳನ್ನೂ ಬರೆದುಕೊಡುತ್ತಿದ್ದೆ. ಅವರನ್ನು ಕಾಂಪೌಂಡರ್ ಎಂದು ಕರೆಯುತ್ತಿದ್ದವರು ನಾವು. ಕಾಗದದಲ್ಲಿ ಅವರು ದಿನಗೂಲಿ ಸಹಾಯಕ. ಡಾಕ್ಟರು ಮೂರು ಆಸ್ಪತ್ರೆಗೆ ಒಬ್ಬರೇ, ವಾರಕ್ಕೆರಡು ದಿನ ಬಂದರೆ ಹೆಚ್ಚು. ಉಳಿದ ದಿನ ಕರು ಹಾಕಿಸುವುದರಿಂದ ಗಾಯಕ್ಕೆ ಕಟ್ಟುವವರೆಗೆ ಎಲ್ಲಕ್ಕೂ ಇವರೇ. ಸಂಬಳ ನಮ್ಮಲ್ಲಿ ಕಾಫಿ ಕೊಯ್ಯುವವರ ಕೂಲಿಗಿಂತ ಕಡಿಮೆ, ಅದೂ ನಾಲ್ಕೈದು ತಿಂಗಳಿಗೊಮ್ಮೆ. ಹದಿಮೂರು ವರ್ಷ ಹಾಗೇ ಇದ್ದರು.

ನನ್ನ ಅನುಮಾನ ಹುಟ್ಟಿದ್ದೇ ಅಲ್ಲಿ. ಇಷ್ಟು ಸಂಬಳಕ್ಕೆ ಹದಿಮೂರು ವರ್ಷ ಯಾರು ನಿಲ್ಲುತ್ತಾರೆ? ಏನೋ ಒಳದಾರಿ ಇರಲೇಬೇಕು. ನನ್ನ ಹೆಂಡತಿ ನಗುತ್ತಿದ್ದಳು: "ನಿಮ್ಗೆ ಯಾರ್ನ ಕಂಡ್ರೂ ಗುಮಾನಿ. ಅವ್ರು ಕೈ ಹಾಕೋದು ದನದ ಹೊಟ್ಟೆಗೆ ಮಾರಾಯ್ರೆ, ನಿಮ್ ಜೇಬಿಗಲ್ಲ!"

ಒಂದು ದಿನ ಆಲ್ದೂರಿನಲ್ಲಿ ಬಸ್ಸಿನ ಕಿಟಕಿಯಿಂದ ಕಂಡೆ. ಮೆಡಿಕಲ್ ಶಾಪಿನ ಕೌಂಟರಿನ ಮೇಲೆ ಕಾಂಪೌಂಡರ್ ತಮ್ಮ ಚೀಲದಿಂದ ಔಷಧಿ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಇಡುತ್ತಿದ್ದರು. ಅಂಗಡಿಯವನು ಎತ್ತಿ ಎತ್ತಿ ನೋಡುತ್ತಿದ್ದ. ಅಷ್ಟರಲ್ಲಿ ಬಸ್ಸು ಹೊರಟಿತು. ನನಗೆ ಅಷ್ಟು ಸಾಕಾಯಿತು. ಸರ್ಕಾರದ ಔಷಧಿ ಮಾರುತ್ತಿದ್ದಾರೆ!

ದಿನಗೂಲಿಯ ಹಳಬರನ್ನು ಕಾಯಂ ಮಾಡಲು ಪಟ್ಟಿ ತಯಾರಾಗುತ್ತಿದ್ದ ಕಾಲ ಅದು. ಅವರ ಅರ್ಜಿ ಬರೆದುಕೊಟ್ಟವನೂ ನಾನೇ. ಅದೇ ತಿಂಗಳು, ಗುರುತು ಸಿಗದಿರಲೆಂದು ಎಡಗೈಯಲ್ಲಿ, ಅವರ ಮೇಲೆ ಒಂದು ಮೂಕರ್ಜಿ ಬರೆದು ಮೇಲಿನ ಕಚೇರಿಗೆ ಹಾಕಿದೆ. ಕೆಳಗೆ ಹೆಸರಿನ ಜಾಗದಲ್ಲಿ ‘ನೊಂದ ರೈತ’ ಎಂದಿತ್ತು. ನನ್ನ ಹಸುವನ್ನು ಅವರು ಎರಡು ಸಲ ಬದುಕಿಸಿದ್ದರು.

ಕೆಲವು ವಾರಗಳ ಮೇಲೆ ಕಾಂಪೌಂಡರ್ ನಮ್ಮ ಮನೆಗೆ ಬಂದರು. ಕೈಯಲ್ಲಿ ನೋಟೀಸು, ಜೊತೆಗೆ ನನ್ನ ಮೂಕರ್ಜಿಯ ಜೆರಾಕ್ಸ್.

"ಇದಕ್ಕೊಂದು ಉತ್ರ ಬರ್ಕೊಡಿ ರೈಟ್ರೇ. ಏಳು ದಿನದೊಳಗೆ ಕೊಡ್ಬೇಕಂತೆ."

ಜೆರಾಕ್ಸನ್ನು ಮೊದಲ ಸಲ ಓದುವವನಂತೆ ಓದಿದೆ. "ಅಂಗಡಿಗೆ ಬಾಟ್ಲಿ ಕೊಟ್ಟಿದ್ದು ಹೌದಾ?" ಎಂದೆ.

"ಕೊಡೋದೆಲ್ಲಿ! ಆಸ್ಪತ್ರೇಲಿ ಔಷಧೀನೇ ಇರಲ್ಲ. ದನದೋರು ದುಡ್ಡು ಕೊಟ್ರೆ ನಾನೇ ಹೋಗಿ ತರೋದು. ಇಂಗ್ಲಿಷ್ ಹೆಸ್ರು ಓದೋಕೆ ಬರಲ್ಲ ನಂಗೆ. ಖಾಲಿ ಬಾಟ್ಲಿ ಮುಂದಿಟ್ರೆ ಅವ್ನೇ ನೋಡಿ ಅಂಥದ್ದೇ ಕೊಡ್ತಾನೆ."

"ಹಾಗಾದ್ರೆ ಅದನ್ನೇ ಬರೆಯೋಣ."

"ಅಯ್ಯೋ, ಬೇಡಿ! ಔಷಧಿ ಹೆಸ್ರೇ ಓದೋಕೆ ಬರಲ್ಲ ಅಂತ ಗೊತ್ತಾದ್ರೆ ಕಾಯಂ ಮಾಡ್ತಾರಾ? ಇದ್ದಿದ್ದೂ ಹೋಗುತ್ತೆ."

ಅವರನ್ನು ಉಳಿಸಬಹುದಾದ ನಿಜವನ್ನು ಅವರು ಹೇಳುವಂತಿರಲಿಲ್ಲ. ನನ್ನದನ್ನು ನಾನು ಹೇಳಬಹುದಿತ್ತು: ಮೂಕರ್ಜಿ ನನ್ನದು, ಕಂಡದ್ದನ್ನು ತಪ್ಪು ತಿಳಿದೆ ಎಂದು ಹೆಸರು ಹಾಕಿ ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ‘ಆರೋಪ ಸುಳ್ಳು, ದಯವಿಟ್ಟು ಕೈಬಿಡಬೇಕು’ ಎಂದು ನಾಲ್ಕು ಸಾಲು ಗೀಚಿದೆ.

ಸಹಿ ಹಾಕಿ ಎದ್ದವರು ಜೆರಾಕ್ಸನ್ನು ಇನ್ನೊಮ್ಮೆ ನೋಡಿದರು. "ಅಕ್ಷರ ಕೋಳಿ ಕೆದರಿದಂಗಿದೆ. ಆದ್ರೆ ನೋಡಿ ರೈಟ್ರೇ, ಒಂದೂ ತಪ್ಪಿಲ್ಲ."

ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ದಿನಗೂಲಿಯೂ ನಿಂತಿತು. ಕಳಸದ ಕಡೆ ಯಾವುದೋ ಎಸ್ಟೇಟಿನಲ್ಲಿ ದನ ನೋಡಿಕೊಂಡಿದ್ದಾರೆ ಎಂದು ಯಾರೋ ಹೇಳಿದರು...

ಈಗ ಆ ಆಸ್ಪತ್ರೆಗೆ ಗುತ್ತಿಗೆಯ ಮೇಲೆ ಸಹಾಯಕರು ಬರುತ್ತಾರೆ, ವರ್ಷ ತುಂಬುವುದರೊಳಗೆ ಬಿಟ್ಟು ಹೋಗುತ್ತಾರೆ. ಕಾಯಂ ಆಗುವ ಆಸೆಯೂ ಇಲ್ಲ, ಈ ಸಂಬಳಕ್ಕೆ ಯಾರು ನಿಲ್ಲುತ್ತಾರೆ ಎನ್ನುತ್ತಾರೆ ಊರವರು. ಆ ಮಾತು ಕೇಳಿದಾಗ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ನನ್ನ ಅನುಮಾನದ ಸ್ವಭಾವ ಮಾತ್ರ ಹೋಗಿಲ್ಲ. ಅರ್ಜಿ ಬರೆದುಕೊಡುವವರು ಊರಲ್ಲಿ ಇನ್ನೂ ಇಬ್ಬರಿದ್ದರು. ಕಾಂಪೌಂಡರ್ ನನ್ನ ಬಳಿಗೇ ಏಕೆ ಬಂದರು? ಗೊತ್ತಿಲ್ಲದೆಯೋ, ಗೊತ್ತಿದ್ದೂ ನನಗೊಂದು ಅವಕಾಶ ಕೊಡಲೋ?

ಕೇಳಿಯೇಬಿಡೋಣವೆಂದು, ಬಣ್ಣದವನು ಹೋದ ಮಾರನೆಯ ದಿನ ಎಲ್ಲವನ್ನೂ ಬರೆದು, ಕೆಳಗೆ ನನ್ನ ಹೆಸರು ಹಾಕಿ, ಕಳಸದ ಆ ಎಸ್ಟೇಟಿನ ವಿಳಾಸ ಹುಡುಕಿ ಕಳಿಸಿದೆ. ನಿನ್ನೆ ಲಕೋಟೆ ಒಡೆಯದೆಯೇ ವಾಪಸ್ಸು ಬಂತು. ಮೇಲೆ ಪೋಸ್ಟ್‌ಮ್ಯಾನ್ ಬರೆದಿದ್ದ: ‘ತೀರಿಕೊಂಡಿದ್ದಾರೆ.’

ಓದಬೇಕಾದವರು ಇಲ್ಲ. ಅದಕ್ಕೇ ಇದನ್ನು ನಿಮ್ಮ ಮುಂದೆ ಇಟ್ಟಿದ್ದೇನೆ.