ಗಡಿಬಿಡಿ ಸಾಹೇಬರ ಕಾಳಿನ ತಟ್ಟೆ

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿದ್ದವರಿಗೆ ನಿವೃತ್ತಿ ಬಂದದ್ದು ಕಾಗದದ ಮೇಲೆ ಮಾತ್ರ. ಡ್ರೈವರ್‌ಗಳು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಗಡಿಬಿಡಿ ಸಾಹೇಬರು. ಈಗ ಹೆಂಡತಿಯೂ ಹಾಗೇ ಕರೆಯುತ್ತಿದ್ದರು. ಕಾಲು ಮುರಿದು ಕಿಟಕಿ ಪಕ್ಕದ ಮಂಚ ಹಿಡಿದಿದ್ದ ಆಕೆಗೆ ಮಾತ್ರೆ, ನೀರು, ದಿಂಬು ಎಲ್ಲವೂ ನಿಮಿಷಕ್ಕೆ ಸರಿಯಾಗಿ ಸಿಗುತ್ತಿದ್ದವು. ಕೊಟ್ಟವರು ಮಾತ್ರ ಮರುಕ್ಷಣ ಮಾಯ.

"ಶನಿವಾರ ತಂಗಿ ಬಂದು ಕರ್ಕೊಂಡು ಹೋಗ್ತಾಳೆ. ಅಲ್ಲಾದ್ರೆ ಜನ ಇರ್ತಾರೆ. ಇಲ್ಲಿ ಗೋಡೆ ನೋಡಿ ನೋಡಿ ಸಾಕಾಯ್ತು," ಅಂದರು ಆಕೆ ಸೋಮವಾರ.

ಸಾಹೇಬರು ಬೆರಳು ಮಡಿಸಿ ಶನಿವಾರಕ್ಕೆ ಉಳಿದ ದಿನ ಎಣಿಸಿದರು. ಆಕೆಯಿಲ್ಲದ ಮನೆಯಲ್ಲಿ ತಾನೊಬ್ಬನೇ ಏನು ಮಾಡುವುದು? ಹಿತ್ತಲಿಗೆ ಹಕ್ಕಿ ಬಂದರೆ ಕಿಟಕಿಯಿಂದ ನೋಡುತ್ತ ಆಕೆಗೆ ಹೊತ್ತು ಹೋದೀತು ಎಂದು ಹೊಳೆದದ್ದೇ ತಡ, ಹಳೆಯ ತಟ್ಟೆಗೆ ಮೂರು ತೂತು ಕೊರೆದು, ದಾರ ಪೋಣಿಸಿ, ಕಾಳು ಸುರಿದು ಮರದ ಕೊಂಬೆಗೆ ತೂಗುಹಾಕಿದರು.

ಮರುದಿನ ಬೆಳಿಗ್ಗೆ ಏಳಕ್ಕೆ ತಟ್ಟೆ ಹೊರಗೆ. ಏಳೂಕಾಲಾದರೂ ಹಕ್ಕಿಯ ಸುಳಿವಿಲ್ಲ. ಹಕ್ಕಿಗೇನು ವೇಳಾಪಟ್ಟಿ ಗೊತ್ತೇ ಪಾಪ. ತಡವಾದ ಬಸ್ಸಿನ ಜಾಗವನ್ನು ಇನ್ನೊಂದಕ್ಕೆ ಕೊಟ್ಟು ಅಭ್ಯಾಸವಾಗಿದ್ದ ಸಾಹೇಬರು ತಟ್ಟೆ ಎತ್ತಿ ಕಾಂಪೌಂಡ್ ಗೋಡೆಯ ಮೇಲಿಟ್ಟರು. ಏಳೂವರೆಗೆ ಬಟ್ಟೆ ಒಣಗಿಸುವ ತಂತಿಗೆ. ಎಂಟಕ್ಕೆ ನೀರಿನ ತೊಟ್ಟಿಯ ಅಂಚಿಗೆ. ಮೂರು ದಿನ ಇದೇ ಪರದಾಟ. ಒಂದು ಗುಬ್ಬಚ್ಚಿ ಕೊಂಬೆಯವರೆಗೂ ಬಂತು; ಅಷ್ಟರಲ್ಲಿ ತಟ್ಟೆ ಬೇರೆ ಕಡೆ ಹೋಗಿತ್ತು. ತಡವಾಗಿ ಬಂದದ್ದಕ್ಕೆ ಸಾಹೇಬರು ಅದನ್ನು ಗದರಿಸಿಯೂ ಬಿಟ್ಟರು.

ಪಕ್ಕದ ಮನೆಯ, ಬಟ್ಟೆ ಹೊಲಿಯುವ ಹೆಂಗಸು ಇದನ್ನೆಲ್ಲ ನೋಡಿ ಸಾಕಾಗಿ ಹೇಳಿದಳು: "ಅಣ್ಣಾ, ತಟ್ಟೆ ಒಂದೇ ಕಡೆ ಇದ್ರೆ ತಾನೇ ಹಕ್ಕಿಗೆ ನಂಬಿಕೆ ಬರೋದು? ನೀವು ಒಳಗೆ ಹೋಗಿ ಅಲ್ಲಾಡ್ದೆ ಕೂತ್ಕೊಳ್ಳಿ."

"ಎಷ್ಟು ಹೊತ್ತು?"

"ಅದು ಬರೋವರ್ಗೂ."

ಇಂಥ ಉತ್ತರ ಕೇಳಿದರೆ ಸಾಹೇಬರಿಗೆ ಮೈಯೆಲ್ಲ ಉರಿಯುತ್ತದೆ. ಆದರೂ ಶುಕ್ರವಾರ ಬೆಳಿಗ್ಗೆ ತಟ್ಟೆಯನ್ನು ಕೊಂಬೆಗೇ ಕಟ್ಟಿ ಒಳಗೆ ಬಂದು, ಮಂಚದ ಅಂಚಿನಲ್ಲಿ ಹೆಂಡತಿಯ ಪಕ್ಕ ಕೂತರು. ಕಾಲು ತಾನಾಗಿ ಕುಣಿಯತೊಡಗಿತು. ಹೆಂಡತಿ ಅವರ ಮಂಡಿಯ ಮೇಲೆ ಕೈಯಿಟ್ಟು ಅದುಮಿದರು. ಒಲೆ ಆರಿಸಿದೆನಾ, ಗೇಟು ಹಾಕಿದೆನಾ, ಹಾಲಿನ ಪಾತ್ರೆ ಮುಚ್ಚಿದೆನಾ. ತಲೆಯೊಳಗೆ ನೂರು ಬಸ್ಸು ಹೊರಟು ನಿಂತಿದ್ದವು. ಆದರೂ ಏಳಲಿಲ್ಲ.

ಗುಬ್ಬಚ್ಚಿ ಬಂದದ್ದು ಒಂಬತ್ತು ದಾಟಿದ ಮೇಲೆ. ಅತ್ತಿತ್ತ ನೋಡಿ, ನಾಲ್ಕು ಕಾಳು ಹೆಕ್ಕಿ, ಹಾರಿಹೋಯಿತು.

"ಇಷ್ಟೇನಾ? ಎರಡು ನಿಮಿಷಾನೂ ಇರ್ಲಿಲ್ವಲ್ಲ," ಸಾಹೇಬರು ಕಂಗಾಲಾಗಿ ಏಳಹೊರಟರು. "ಇನ್ನೊಂದಿಷ್ಟು ಕಾಳು ಹಾಕಿ ಬರ್ತೀನಿ. ನಾಳೆ ನೀನು ಹೋಗ್ಬೇಡ."

ಹೆಂಡತಿ ಅಷ್ಟೂ ಹೊತ್ತು ಗಂಡನನ್ನೇ ನೋಡುತ್ತಿದ್ದರು. ಮಂಡಿಯ ಮೇಲಿನ ಕೈ ತೆಗೆದಿರಲಿಲ್ಲ.

"ಹಕ್ಕಿ ಹೋದ್ರೆ ಹೋಗ್ಲಿ ಬಿಡಿ. ನೀವು ಇನ್ನೊಂದು ಗಂಟೆ ಹೀಗೇ ಕೂತಿದ್ರೆ, ತಂಗಿಗೆ ಬರಬೇಡ ಅಂತೀನಿ."