ತಪ್ಪು ಹೇಳಿ ಹೆಸರು ತಂದ ಬೀಗರು

ಹೊಟ್ಟೆಕಿಚ್ಚು ಮನುಷ್ಯನನ್ನು ಒಳಗಿನಿಂದಲೇ ಸುಡುತ್ತದೆ, ಅದನ್ನು ಹತ್ತಿರ ಬಿಟ್ಟುಕೊಳ್ಳಬಾರದು ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಿಗೆ ಗಂಗಾವತಿಯಲ್ಲಿ ಬೀಗರು ಇರಲಿಲ್ಲವೆಂದು ತೋರುತ್ತದೆ.

ನನಗಿದ್ದರು. ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಕಿವಿ. ವೀಳ್ಯದೆಲೆಯಷ್ಟು ಅಗಲದ ಕಿವಿ. ಹಾಲೆಯಲ್ಲಿ ಸಣ್ಣಂದಿನ ಮುರುವಿನ ತೂತು, ಅಂಚಿಗೆ ಬಿಳಿ ಕೂದಲು. ಯಾರಾದರೂ ಮಾತು ತೆಗೆದರೆ ಸಾಕು, ತಲೆ ವಾಲಿಸಿ ಬಲಗಿವಿಯನ್ನು ಮುಂದೆ ಮಾಡುತ್ತಿದ್ದರು, ಮೊರದಲ್ಲಿ ಕಾಳು ಹಾಕಿಸಿಕೊಳ್ಳುವವರ ಹಾಗೆ. ನಾನು ಕೊಪ್ಪಳದಲ್ಲಿ ಆಯುಷ್ಯವಿಡೀ ಮಾಸ್ತರಿಕೆ ಮಾಡಿದವನು. ನನ್ನ ಕಿವಿ ಸಣ್ಣವು. ಬಾಯಿಯಿಂದ ಬದುಕಿದವನಿಗೆ ಅಷ್ಟು ಸಾಕು.

ಅವರು ಭತ್ತದ ದಲಾಲಿ. ಅವರ ಮಗಳು ನನ್ನ ಸೊಸೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಯಿತು, ಹೆಣ್ಣು ಕೂಸು. ಶಾಲೆಯ ಹೆಸರು ತಮ್ಮ ಆಯ್ಕೆ, ತೊಟ್ಟಿಲ ಹೆಸರು ಹಿರಿಯರದು ಎಂದು ಮಗ-ಸೊಸೆ ಮೊದಲೇ ಕರಾರು ಮಾಡಿದ್ದರು. ತೊಟ್ಟಿಲಲ್ಲಿ ಮನೆತನದ ಹಿರಿಯಳೊಬ್ಬಳ ಹೆಸರಿಡುವುದು ನಮ್ಮಲ್ಲಿ ರೂಢಿ. ಮೊದಲ ಹಕ್ಕು ಗಂಡಿನ ಕಡೆಯದು. ನಮ್ಮ ಮುತ್ತಜ್ಜಿಯ ಹೆಸರು ಇಡತಕ್ಕದ್ದು ಎಂದು ನಾನು ಬೀಗರ ಅಂಗಳದಲ್ಲಿ ನಿಂತು ಸಾರಿದೆ.

"ಭಾಳ ಛಲೋ ಆತ್ರಿ ಬೀಗರ. ಏನ್ರಿ ಅವರ ಹೆಸರು?" ಬೀಗರ ಕಿವಿ ಮುಂದೆ ಬಂತು.

ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಆಕೆಯನ್ನು 'ಹಿರಿಯಾಕಿ' ಎಂದೇ ಕರೆದು ಮುಗಿಸಿದ್ದರು.

"ಹುಡುಕ್ರಿ. ತೊಟ್ಟಿಲಕ್ಕ ಇನ್ನೂ ವ್ಯಾಳೆ ಐತಿ. ಸಿಗಲಿಲ್ಲಂದ್ರ ನಮ್ಮಜ್ಜಿ ನೀಲವ್ವ ಅದಾಳ."

ಅದಾಳ! ಎಂದೋ ಮಣ್ಣಾದ ಮುದುಕಿ ಒಳಗೆ ಸೀರೆ ಉಟ್ಟುಕೊಂಡು ಕಾಯುತ್ತಿರುವಂತೆ ಹೇಳಿದರು. ಅವರಿಗೇನು ಕೊರತೆ? ಮನೆತನಗಳ ಪೀಳಿಗೆಯನ್ನು ಬಾಯಿಪಾಠ ಒಪ್ಪಿಸುವ ಹೆಳವ ಅವರ ಮನೆಗೆ ಇನ್ನೂ ಬರುತ್ತಿದ್ದ. ಹಿಂದೆ ಎತ್ತಿನ ಮೇಲೆ, ಈಗ ಬೈಕಿನ ಮೇಲೆ. ನಮ್ಮ ಹೆಳವನಿಗೆ ನಮ್ಮ ಅಜ್ಜ ಒಮ್ಮೆ ಕಾಣಿಕೆಯ ಕರುವಿನ ಬದಲು ಆಶೀರ್ವಾದ ಕೊಟ್ಟು ಕಳಿಸಿದ್ದನಂತೆ. ಆಮೇಲೆ ಆತ ಇತ್ತ ಸುಳಿಯಲಿಲ್ಲ.

ಹೀಗೆ ನಾನು ಇಳಿವಯಸ್ಸಿನಲ್ಲಿ ವಂಶಸಂಶೋಧಕನಾದೆ. ಬಂಡವಾಳವೆಂದರೆ ಮುದುಕರ ರಿಯಾಯಿತಿ ಟಿಕೀಟು ಮತ್ತು ಮನೆಯಿಂದ ಕಟ್ಟಿಸಿಕೊಂಡ ರೊಟ್ಟಿ. ಡಬ್ಬಿಯಲ್ಲಿ ಉಗುಳಿ ಕಳಿಸಿದರೆ ಮೂಲ ಹೇಳುವವರಿದ್ದಾರೆಂದು ಮಗ ಮೊಬೈಲಿನಲ್ಲಿ ತೋರಿಸಿದ. ಉಗುಳಿನ ಜೊತೆ ದುಡ್ಡನ್ನೂ ಕಳಿಸಬೇಕಂತೆ. ದುಡ್ಡು ಕೊಟ್ಟು ಉಗುಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ನಮ್ಮ ಮೂಲ ಯಲಬುರ್ಗಾ ಕಡೆಯ ಒಂದು ಹಳ್ಳಿ. ಅಲ್ಲಿ ಉಳಿದವರು ನನ್ನ ದೊಡ್ಡಪ್ಪನ ಮಗ ಮತ್ತು ಆತನ ಮನೆಯಲ್ಲಿರುವ ಒಬ್ಬ ಹಣ್ಣುಹಣ್ಣು ಮುದುಕಿ. ಸಂಬಂಧದಲ್ಲಿ ನನಗೆ ಅತ್ತೆ. ನಾನು ಹೋಗಿ, ಇಸ್ತ್ರಿ ಅಂಗಿಯಲ್ಲಿ ಕಟ್ಟೆಯ ಮೇಲೆ ಕೂತು, "ನಮ್ಮ ವಂಶವೃಕ್ಷ ಬರೀಬೇಕಂತ ಬಂದೀನಿ" ಎಂದೆ.

ನಮ್ಮ ಕಡೆ ಸತ್ತವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ ಸರ್ಕಾರ ಕೇಳುವ ಕಾಗದಕ್ಕೂ ವಂಶವೃಕ್ಷ ಎಂದೇ ಹೆಸರು. ಜನ ಆ ಶಬ್ದವನ್ನು ಕೇಳುವುದು ಆಗ ಮಾತ್ರ. ಅಣ್ಣನ ಮುಖ ಮುಚ್ಚಿದ ಅಂಗಡಿಯಂತಾಯಿತು.

"ಪಾಲು ಕೇಳಾಕ ಬಂದಿಯೇನೋ ತಮ್ಮಾ?"

"ಇಲ್ಲಪ್ಪಾ, ಮುತ್ತಜ್ಜಿ ಹೆಸರು ಅಷ್ಟ ಸಾಕು."

"ಮೊದಲಿಗೆ ಹೆಸರು ಕೇಳತಾರ, ಆಮ್ಯಾಗ ಸಹಿ ಕೇಳತಾರ," ಎಂದ ಅಣ್ಣ. ಅತ್ತೆ ಇದ್ದಕ್ಕಿದ್ದಂತೆ ಕಿವುಡಿಯಾದಳು. ಚಹಾ ಕೂಡ ಬರಲಿಲ್ಲ.

ಸುದ್ದಿ ಕೇಳಿ ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಾಸ್ತರ ನೀವು, ಪ್ರಶ್ನೆ ಕೇಳತೀರಿ. ಪ್ರಶ್ನೆ ಕೇಳಿದ್ರ ಮಂದಿ ಹೆದರತಾರ್ರಿ. ಪ್ಯಾಟ್ಯಾಗ ನಾವು ಬೆಲಿ ಕೇಳಂಗಿಲ್ಲ, ತಪ್ಪು ಬೆಲಿ ಹೇಳತೀವಿ. ತಿದ್ದಾಕ ಎಲ್ಲಾರೂ ಓಡಿ ಬರ್ತಾರ. ನಡೀರಿ, ನಾನೂ ಬರ್ತೀನಿ."

ಹೋದೆವು. ಅತ್ತೆ ಕಟ್ಟೆಯ ಮೇಲೆ ಸಜ್ಜೆ ಹಸನು ಮಾಡುತ್ತಿದ್ದಳು. ಬೀಗರು ಹೇಳದೆ ಕೇಳದೆ ಪಕ್ಕದಲ್ಲಿ ಕೂತು, ಮೊರಕ್ಕೆ ಕೈ ಹಾಕಿ ಹರಳು ಆರಿಸತೊಡಗಿದರು. ಸ್ವಲ್ಪ ಹೊತ್ತಿಗೆ, ಬೀದಿಗೆ ಕೇಳುವ ಹಾಗೆ ನನಗೆ ಹೇಳಿದರು:

"ನಿಮ್ಮ ಹಿರಿಯಾಕಿ ರಾಯಚೂರು ಕಡಿಯಾಕಿ ಅಂತಲ್ರಿ. ಸೀತವ್ವ ಅಂತ ಹೆಸರು. ಪಾಪ, ರೊಟ್ಟಿ ಬಡಿಯಾಕೂ ಬರ್ತಿದ್ದಿಲ್ಲಂತ."

ಮೊರ ನಿಂತಿತು.

"ಯಾ ಮೂಳ ಹೇಳ್ಯಾನ?" ಎಂದಳು ಅತ್ತೆ. ಕಿವುಡು ಹೋಗಿತ್ತು. "ಫಕೀರವ್ವಗ ರೊಟ್ಟಿ ಬರ್ತಿದ್ದಿಲ್ಲಾ? ಕುಷ್ಟಗಿ ಕಡಿಯಿಂದ ಬಂದಾಕಿ ಆಕಿ! ಆಕಿ ರೊಟ್ಟಿ ಬಡದ್ರ ಓಣಿ ಮಂದಿ ಏಳತಿದ್ರು!"

"ಹೌದ್ರಿ? ನಾ ಕೇಳಿದ್ದು, ಗಂಡಗ ಅಂಜತಿದ್ಲಂತ," ಎಂದರು ಬೀಗರು, ಕಿವಿ ಮುಂದೆ ಮಾಡಿ.

"ಆಕಿ ಅಂಜತಿದ್ಲಾ? ಗಂಡ ಆಕಿಗೆ ಅಂಜಿ ಹೊಲದಾಗ ಮಲಗತಿದ್ದ!" ಈ ಸಲ ಮಾತಾಡಿದ್ದು ಹಟ್ಟಿಯಿಂದ ಓಡಿಬಂದ ನನ್ನ ಅಣ್ಣ. ಪಾಲಿನ ಭಯವನ್ನೂ ಮರೆತು ಇಬ್ಬರೂ ಪೈಪೋಟಿಯಲ್ಲಿ ತಿದ್ದಿದರು. ಬೀಗರಿಗೆ ಬಿಸಿ ರೊಟ್ಟಿ, ಕೆನೆಮೊಸರು ಬಂತು. ಅತ್ತೆ ನನ್ನನ್ನು ದಿಟ್ಟಿಸಿ, "ಹೋದ ಸಲ ಹೊಲ ಕೇಳಾಕ ಬಂದಿದ್ದಾಂವ ನೀನ ಅಲ್ಲೇನು?" ಎಂದು ನೀರು ಕೊಟ್ಟಳು.

ಬಸ್ಸಿನಲ್ಲಿ ಬೀಗರು ಬಾಯಿ ತೆರೆದು ನಿದ್ದೆ ಹೋದರು. ನನಗೆ ನಿದ್ದೆ ಬರಲಿಲ್ಲ. ಮುತ್ತಜ್ಜಿ ನನ್ನವಳು, ರಕ್ತ ನನ್ನದು, ಟಿಕೀಟು ಕೂಡ ನಾನೇ ತೆಗೆಸಿದ್ದು; ಆಕೆ ಸಿಕ್ಕಿದ್ದು ಮಾತ್ರ ಅವರಿಗೆ. ತೊಟ್ಟಿಲ ದಿನ ಸೋದರತ್ತೆಯಾದ ನನ್ನ ಮಗಳು ಕೂಸಿನ ಕಿವಿಯಲ್ಲಿ 'ಫಕೀರವ್ವ' ಎಂದು ಉಸುರಿದಾಗ, ಬಂದವರೆಲ್ಲ ಈ ಹಳೇ ಹೆಸರು ಎಲ್ಲಿಂದ ತಂದಿರೆಂದು ಕೇಳಿದರು.

"ನಮ್ಮ ಬೀಗರು ಊರೂರು ತಿರುಗಿ ಹುಡುಕ್ಯಾರ್ರಿ," ಎಂದರು ಬೀಗರು, ನನ್ನತ್ತ ಕೈ ತೋರಿಸಿ. "ಅಂಥಾ ಹಟದ ಮನಿಶಾ ನಾ ನೋಡಿಲ್ಲ."

ಎಂಥ ಅನ್ಯಾಯ! ಅವರು ಒಂದಿಷ್ಟು ಜಂಬ ಕೊಚ್ಚಿದ್ದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಆಧಾರವಿರುತ್ತಿತ್ತು. ಅದನ್ನೂ ಇಲ್ಲದಂತೆ ಮಾಡಿದರು. ನೀಲವ್ವನ ಹೆಸರನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತದ್ದು ನನಗೆ ಕೇಳಿಸಿತು, ಸಣ್ಣ ಕಿವಿಯಾದರೂ.

ಹೋದ ವರ್ಷ ಒಂದು ಮಧ್ಯಾಹ್ನ ಉಂಡು ಮಲಗಿದ ಬೀಗರು ಏಳಲಿಲ್ಲ. ಸಾವು ಕೂಡ ಹೊಟ್ಟೆಕಿಚ್ಚು ಪಡುವಂಥದ್ದೇ. ಮಾತಾಡಿಸಲು ಬಂದ ಜನ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಾನು ಬೀದಿಗೆ ಕೇಳುವ ಹಾಗೆ, "ನಮ್ಮ ಬೀಗರು ವ್ಯಾಪಾರಸ್ತರು. ತಮಗ ಲಾಭ ಇಲ್ಲಂದ್ರ ಒಬ್ಬರಿಗೂ ಏನೂ ಮಾಡಿದವರಲ್ಲ ಬಿಡ್ರಿ," ಎಂದೆ.

"ಏನಂದ್ರಿ ಮಾಸ್ತರ?" ಎಂದು ಒಬ್ಬ ಹಮಾಲ ಎದ್ದು ನಿಂತ. ಅವನ ಹಿಂದೆ ಸಿದ್ದಾಪುರದ ಒಬ್ಬ ರೈತ. ಅವನ ಹಿಂದೆ ನೆರೆಮನೆಯ ಮುದುಕಿ, ಸೆರಗು ಸಿಕ್ಕಿಸಿಕೊಂಡು. ಕತ್ತಲಾಗುವವರೆಗೂ ನನ್ನನ್ನು ತಿದ್ದಿದರು. ನಾನು ತಲೆ ವಾಲಿಸಿ ಎಲ್ಲವನ್ನೂ ಕೇಳಿದೆ.

ಈ ವರ್ಷ ಎರಡನೆಯ ಮೊಮ್ಮಗಳು ಹುಟ್ಟಿದಳು. ನಮ್ಮ ಕಡೆಯ ಹಿರಿಯರ ಹೆಸರುಗಳು ಈಗ ನನಗೆ ಬೇಕಾದಷ್ಟು ಗೊತ್ತಿವೆ. ತೊಟ್ಟಿಲಲ್ಲಿ ನೀಲವ್ವ ಎಂದು ಇಟ್ಟೆವು.